ಒಂದು ದಿನಕ್ಕೆ ಅಷ್ಟೆಲ್ಲ ಬೇಡ ಮಾರಾಯ

ಉಡುಪಿ,
ನವೆಂಬರ್ ಮೊದಲ ವಾರ

ಪ್ರೀತಿಯ ಗೆಳೆಯಾ,

ನಮ್ಮ ಕಡಲತೀರ ಸುತ್ತಲು ನೀನು ಕಳಿಸಿದ ಪಟ್ಟಿ ನೋಡಿದೆ. ಬೆಳಿಗ್ಗೆ ಪಣಂಬೂರು, ಆಮೇಲೆ ಸಸಿಹಿತ್ಲು, ಕಾಪು ದೀಪಸ್ತಂಭ, ಮಲ್ಪೆ, ಕತ್ತಲಾಗುವ ಮೊದಲು ಮರವಂತೆ. ಎಲ್ಲ ಒಂದೇ ದಿನ! ಬೇಡ ಮಾರಾಯ. ಮೂರು ವರ್ಷದ ಹಿಂದೆ ಅತ್ತಿಗೆಯ ತವರಿನವರನ್ನು ನಾನೇ ಹೀಗೆ ಸುತ್ತಿಸಿದ್ದೆ. ಹಗಲಿಡೀ ಹೆದ್ದಾರಿಯಲ್ಲೇ ಹೋಯಿತು. ಅವರ ಮಗಳಿಗೆ ಕಡಲು ಕಂಡದ್ದು ಕಾರಿನ ಕಿಟಕಿಯಲ್ಲೇ ಜಾಸ್ತಿ. ನನಗೆ ಇವತ್ತಿಗೂ ಬೇಜಾರು.

ಮಲ್ಪೆ ಮತ್ತು ಕೋಡಿಬೆಂಗ್ರೆ, ಎರಡೇ ಇಟ್ಟುಕೋ. ತಾರೀಕು ಗೊತ್ತು ಮಾಡುವ ಮೊದಲು ಕಡಲಿನ ಇಳಿತ ಎಷ್ಟು ಹೊತ್ತಿಗೆ ಅಂತ ನೋಡು, ಮೊಬೈಲಲ್ಲೇ ಸಿಗುತ್ತದೆ. ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಮೂರಕ್ಕಾದರೆ ನಾಳೆ ಹತ್ತಿರ ಹತ್ತಿರ ನಾಲ್ಕಕ್ಕೆ. ಸಂಜೆ ಇಳಿತ ಇರುವ ದಿನವೇ ನಮಗೆ ಬೇಕು.

ಬೆಳಿಗ್ಗೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ. ನಮ್ಮ ಹಿರಿಯರ ಬಾಯಲ್ಲಿ ಅದು ತೋನ್ಸೆಪಾರ್. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಈಗ ಬಿಡುತ್ತಾರೆ. ಅಲ್ಲಿ ಇಳಿದ ಕೂಡಲೇ ಎಲ್ಲರೂ ಫೋಟೋಕ್ಕೆ ಓಡುತ್ತಾರೆ. ನೀನು ಒಂದು ಕಲ್ಲಿನ ಹತ್ತಿರ ಸುಮ್ನೆ ಕೂತುಕೋ. ಆ ಕಂಬಗಳನ್ನು ಯಾರೂ ಕಡೆದದ್ದಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಅದು. ತಣಿಯುತ್ತಾ ಕುಗ್ಗಿತು, ಕುಗ್ಗಿದ ಕಡೆ ಬಿರುಕು ಬಿಟ್ಟಿತು. ಬಿರುಕು ಮೇಲಿನಿಂದ ಒಳಗೆ ಇಳಿಯುತ್ತಾ ಹೋಗಿ ಕಂಬ ಕಂಬವಾಯಿತು. ಒಣಗಿದ ಕೆರೆಯ ಕೆಸರು ಬಿರಿದದ್ದು ನೋಡಿದ್ದೀಯಲ್ಲ, ಹೆಚ್ಚು ಕಡಿಮೆ ಅದೇ ಕೆಲಸ. ಮುರಿದ ಕಂಬದ ತಲೆಯ ಮೇಲೆ ಬೆರಳಿಟ್ಟು ಮೂಲೆ ಎಣಿಸು. ಹೆಚ್ಚಿನವಕ್ಕೆ ಆರು, ಕೆಲವಕ್ಕೆ ಐದು. ತಲೆಯ ಗುಳಿಯಲ್ಲಿ ಒಂದು ಬೊಗಸೆ ಉಪ್ಪುನೀರು ನಿಂತಿರುತ್ತದೆ, ಅದರೊಳಗೆ ಅಕ್ಕಿಕಾಳಿನಷ್ಟು ಏಡಿ. ನನಗೆ ಆ ಗುಳಿ ನೋಡುತ್ತಾ ಕೂರುವುದೇ ಒಂದು ಸುಖ.

ಪಾಚಿ ಕಟ್ಟಿದ ಬಂಡೆ ಮಾತ್ರ ಹತ್ತಬೇಡಿ. ನನ್ನ ತಮ್ಮ ಜಾರಿ ಮೊಣಕೈ ಮುರಿದುಕೊಂಡಿದ್ದ.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ. ಸ್ವಲ್ಪ ಮಲಗಿ ಎದ್ದು ಹೊರಡೋಣ.

ಕೋಡಿಬೆಂಗ್ರೆ ರಸ್ತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ತೆಂಗಿನ ತೋಟದ ಒಂದು ಪಟ್ಟಿ ನೆಲ. ಸ್ವರ್ಣಾ, ಸೀತಾ ಎರಡೂ ಅಲ್ಲೇ ಕಡಲು ಸೇರುತ್ತವೆ. ಆಚೆ ದಡದಲ್ಲಿ ಹಂಗಾರಕಟ್ಟೆ. ಇಳಿತಕ್ಕೆ ಹೊಳೆಯ ನೀರು ತಗ್ಗಿದಾಗ ಜನ ಮರುವಾಯಿ, ಅಂದರೆ ಚಿಪ್ಪುಮೀನು, ಹೆಕ್ಕಲು ಇಳಿಯುತ್ತಾರೆ. ನಾನು ನಿನಗೆ ತೋರಿಸಬೇಕು ಅಂದುಕೊಂಡದ್ದು ಇದನ್ನೇ. ಸೊಂಟದವರೆಗೆ ನೀರು, ಬದಿಯಲ್ಲಿ ತೇಲುವ ಒಂದು ಪಾತ್ರೆ. ಕಣ್ಣು ಎಲ್ಲೋ ಇರುತ್ತದೆ, ಕಾಲು ಮರಳಿನೊಳಗೆ ಹುಡುಕುತ್ತಿರುತ್ತದೆ. ಸಿಕ್ಕಿತು ಅಂತ ಕಾಲಿಗೆ ಗೊತ್ತಾದ ಕೂಡಲೇ ಮುಳುಗಿ ಒಂದು ಹಿಡಿ ತೆಗೆಯುತ್ತಾರೆ. ಕಳೆದ ಸಲ ಒಬ್ಬರು ದೊಡ್ಡಮ್ಮ ನನ್ನ ಅಂಗೈಗೆ ನಾಲ್ಕು ಹಾಕಿದರು. ತಣ್ಣಗೆ, ಗೀರು ಗೀರಾದ ಚಿಪ್ಪು, ಬಾಯಿ ಬಿಗಿಯಾಗಿ ಮುಚ್ಚಿತ್ತು. ಒಂದು ತೀರ ಸಣ್ಣದು. "ಇದು ಬೇಡ, ಬೆಳೆಯಲಿ" ಅಂತ ಅವರೇ ತೆಗೆದು ವಾಪಸ್ ಹೊಳೆಗೆ ಬಿಟ್ಟರು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಅಳಿವೆ ಬಾಯಿಯಲ್ಲಿ, ಹೊಳೆ ಕಡಲು ಸೇರುವ ಕಡೆ, ಮಕ್ಕಳನ್ನು ನೀರಿಗೆ ಬಿಡಬೇಡ. ಇಳಿತದ ಹೊತ್ತಿಗೆ ಹೊಳೆಯ ನೀರೂ, ಒಳಗೆ ಏರಿ ಬಂದಿದ್ದ ಕಡಲಿನ ನೀರೂ ಒಟ್ಟಿಗೆ ಹೊರಗೆ ಓಡುತ್ತವೆ. ಮೇಲೆ ಶಾಂತವಾಗಿ ಕಾಣುತ್ತದೆ, ಅಡಿಯಲ್ಲಿ ಎಳೆತ ಭಯಂಕರ. ಮರುವಾಯಿಯವರು ಇಳಿಯುವುದು ಒಳಗಿನ ಹೊಳೆಗೆ, ಅದೂ ಜಾಗ ಗೊತ್ತಿದ್ದು.

ಮರವಂತೆ ಇನ್ನೊಂದು ಸಲಕ್ಕೆ ಇರಲಿ, ಅಲ್ಲಿನ ಸೌಪರ್ಣಿಕಾ ಹೊಳೆ ಎಲ್ಲಿಗೂ ಹೋಗುವುದಿಲ್ಲ. ಎರಡು ಮೂರು ತಾರೀಕು ಬರೆದು ಕಳಿಸು, ಇಳಿತ ನೋಡಿ ಯಾವುದು ಅಂತ ಹೇಳುತ್ತೇನೆ. ರಾತ್ರಿ ಊಟಕ್ಕೆ ನಮ್ಮಲ್ಲೇ. ಅಮ್ಮ ಮರುವಾಯಿ ಪುಂಡಿ (ಮರುವಾಯಿ ಹಾಕಿದ ಅಕ್ಕಿ ಉಂಡೆಯ ಸಾರು) ಮಾಡುತ್ತೇನೆ ಅಂದಿದ್ದಾರೆ, ನಿನ್ನ ಮಗಳಿಗೆ ಖಾರ ಎಷ್ಟು ಆಗುತ್ತದೆ ಅಂತ ಕೇಳುತ್ತಿದ್ದಾರೆ.

ನಿನ್ನ,
ಉಡುಪಿಯ ಗೆಳೆಯ