ಆರನೇ ವಾರದ ಚೆಕಪ್‌ನಲ್ಲಿ ನಿದ್ದೆಯ ಬಗ್ಗೆಯೂ ಕೇಳಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಕಳೆದ ವರ್ಷ ತುಮಕೂರು ರಸ್ತೆಯಲ್ಲಿ ನನ್ನ ತಮ್ಮನ ಬೈಕಿಗೆ ಲಾರಿ ಗುದ್ದಿತು. ತೊಡೆಮೂಳೆಗೆ ರಾಡ್ ಹಾಕಿ ಮನೆಗೆ ಕಳಿಸಿದರು. ಆರನೇ ವಾರ, ಮೂರನೇ ತಿಂಗಳು ಎಕ್ಸ್‌ರೇ ಎಂದು ಚೀಟಿಯಲ್ಲಿತ್ತು, ತಪ್ಪದೆ ಮಾಡಿಸಿದೆವು. ಮೂಳೆ ಚೆನ್ನಾಗಿ ಕೂಡಿಕೊಂಡಿದೆ ಅಂದರು. ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಬಿಎಂಟಿಸಿ ಬಸ್ಸೊಂದು ಬ್ರೇಕ್ ಹಾಕಿ ಉಸ್ಸೆಂದಿತು. ಮೂವತ್ತು ವರ್ಷದ ಹುಡುಗ ನನ್ನ ಸೆರಗು ಹಿಡಿದುಕೊಂಡ. ಅಂಗೈಯೆಲ್ಲ ಒದ್ದೆ. ಬಸ್ಸು ಹೊರಟುಹೋದರೂ ಬಿಡಲಿಲ್ಲ.

ರಾತ್ರಿ ಬೆಚ್ಚಿ ಎದ್ದು ಕೂರುತ್ತಿದ್ದ. ‘ಭಯ ಬಿದ್ದಿದ್ದಾನೆ, ಅಂತ್ರ ಕಟ್ಟಿಸಿ’ ಎಂದರು ನೆಂಟರು, ಕಟ್ಟಿಸಿದೆವು. ‘ಜೀವ ಉಳೀತಲ್ಲ, ಇನ್ನೇನು ನಿಂದು’ ಎಂದು ನಾನೂ ಗದರಿದ್ದೇನೆ. ಆ ಮಾತು ಆಡಬಾರದಿತ್ತು. ಎಂಟು ತಿಂಗಳಾದ ಮೇಲೆ ಪಕ್ಕದ ಮನೆಯ ನರ್ಸಮ್ಮ ಹೇಳಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ, 14416ಕ್ಕೆ, ಫೋನ್ ಮಾಡಿದೆ. ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು. ಆಮೇಲೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋದೆವು. ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಮನಸ್ಸನ್ನು ಕಾಡುವ ಕಾಯಿಲೆ, ಎಂಬ ಹೆಸರು ಕೇಳಿದ್ದೇ ಆವತ್ತು. ದೊಡ್ಡ ಪೆಟ್ಟಾದ ಮೇಲೆ ಕೆಲವು ವಾರ ಹೆದರಿಕೆ ಇರುವುದು ಸಹಜ. ತಿಂಗಳು ದಾಟಿದರೂ ಆ ಗಳಿಗೆ ಕಣ್ಣಮುಂದೆ ಬರುತ್ತಿದ್ದರೆ, ನಿದ್ದೆ ಕೆಟ್ಟರೆ, ಆ ರಸ್ತೆ ತಪ್ಪಿಸಿ ಓಡಾಡಿದರೆ ಚಿಕಿತ್ಸೆ ಬೇಕು. ಮಾತಿನ ಚಿಕಿತ್ಸೆ ಇದೆ, ಅಗತ್ಯವಿದ್ದವರಿಗೆ ಮಾತ್ರೆಯೂ ಇದೆ.

ನಮ್ಮ ರಾಜ್ಯ 2016ರಲ್ಲೇ ಹರೀಶ್ ಸಾಂತ್ವನ ಯೋಜನೆ ತಂದು, ಅಪಘಾತದ ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಟ್ಟಿತು. ಇದೇ ತುಮಕೂರು ರಸ್ತೆಯಲ್ಲಿ, ಪ್ರಾಣ ಹೋಗುವಾಗಲೂ ಅಂಗದಾನ ಮಾಡಿ ಎಂದ ಹುಡುಗನ ಹೆಸರು ಅದಕ್ಕಿದೆ. ಆದರೆ ನನ್ನ ತಮ್ಮನ ಈ ಕಷ್ಟ ಕಣ್ಣಿಗೆ ಬಿದ್ದದ್ದು ಆ ಗಂಟೆಗಳೆಲ್ಲ ಕಳೆದ ಮೇಲೆ. ಮಾನಸಿಕ ಆರೋಗ್ಯ ಸೇವೆ ಪ್ರತಿಯೊಬ್ಬರ ಹಕ್ಕು ಎಂದು 2017ರ ಕಾಯ್ದೆ ಹೇಳುತ್ತದೆ. ಹಕ್ಕಿದೆ ಎಂದು ನಮಗೆ ಹೇಳುವವರು ಬೇಕಲ್ಲವೇ ಸಾರ್?

ಡಿಸ್ಚಾರ್ಜ್ ಚೀಟಿಯ ಮೇಲೆ 14416 ಅನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಆರನೇ ವಾರ ಎಕ್ಸ್‌ರೇ ನೋಡುವಾಗ ‘ನಿದ್ದೆ ಬರುತ್ತಾ, ಕೆಟ್ಟ ಕನಸು ಬೀಳುತ್ತಾ’ ಎಂದು ಕೇಳಿ ಬರೆದುಕೊಳ್ಳಲಿ. ಫಿಜಿಯೋಥೆರಪಿಯವರಿಗೂ ತರಬೇತಿ ಕೊಡಿಸಿ. ಕಾಲು ಹಿಡಿದು ಅರ್ಧ ಗಂಟೆ ಕೂರುವವರು ಅವರೇ, ಡಾಕ್ಟರಿಗೆ ಹೇಳದ್ದನ್ನು ತಮ್ಮ ಅವರ ಹತ್ತಿರ ಹೇಳಿಕೊಂಡಿದ್ದ.

ಅವನೀಗ ಯಶವಂತಪುರದವರೆಗೆ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಆಸ್ಪತ್ರೆಯಲ್ಲಿ ಅವನ ಪಕ್ಕದ ಮಂಚದಲ್ಲಿದ್ದವರು ಮೂರನೇ ಮಹಡಿಯಿಂದ ಬಿದ್ದಿದ್ದ ಗಾರೆ ಕೆಲಸದವರು. ರಾತ್ರಿಯೆಲ್ಲ ಕೂಗಿಕೊಳ್ಳುತ್ತಿದ್ದರು. ಅವರಿಗೆ ಈ ನಂಬರ್ ಯಾರಾದರೂ ಕೊಟ್ಟರೋ ಇಲ್ಲವೋ.

ಇಂತಿ,
ಪೀಣ್ಯದ ಒಬ್ಬ ಅಕ್ಕ