‘ಪರ್ಮಿಷನ್ ಡಿನೈಡ್’ ಅಂದಾಗ ಏನು ಮಾಡಬೇಕು: ಪುಟ್ಟಿಗೊಂದು ಪತ್ರ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಮೆಸೇಜ್ ಓದಿದೆ. ನೀನು ಬರೆದ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಟರ್ಮಿನಲ್‌ನಲ್ಲಿ ಕೈಯಾರೆ ಓಡಿಸಿದರೆ ಓಡುತ್ತದೆ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿ ಮೂಲಕ ಶುರು ಮಾಡಿದರೆ 203/ಎಕ್ಸೆಕ್ (ಫೈಲನ್ನು ಓಡಿಸಲಾಗಲಿಲ್ಲ) ಎಂದು ಹೇಳಿ ಸಾಯುತ್ತದೆ. ಲಾಗ್‌ನಲ್ಲಿ ‘ಪರ್ಮಿಷನ್ ಡಿನೈಡ್’. ಫೈಲಿನ ಓನರ್ ಸರಿಯಿದ್ದಾನೆ, ಎಕ್ಸಿಕ್ಯೂಟ್ ಬಿಟ್ ಕೂಡ ಇದೆ. ಕೊನೆಗೆ ಯಾರೋ ಹೇಳಿದರು ಅಂತ ‘ಸೆಟ್‌ಎನ್‌ಫೋರ್ಸ್ 0’ ಕೊಟ್ಟು, ಎಸ್‌ಇಲಿನಕ್ಸ್ ಅನ್ನುವ ಕರ್ನಲ್‌ನ ಕಾವಲು ಏನನ್ನೂ ತಡೆಯದ ಹಾಗೆ ಮಾಡಿದೆ, ಓಡಿತು. ಈಗ ಅದನ್ನೇ ಕಾನ್ಫಿಗ್ ಫೈಲಿನಲ್ಲಿ ಬರೆದು ಶಾಶ್ವತ ಮಾಡಿಬಿಡಲಾ ಎಂದು ಕೇಳಿದ್ದೀಯ.

ಬೇಡ ಕಣೇ. ಅದು ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ನಿನ್ನ ಒಂದು ಡೀಮನ್‌ಗೋಸ್ಕರ ಆ ಮಶಿನ್‌ನಲ್ಲಿರುವ ವೆಬ್ ಸರ್ವರ್, ಡೇಟಾಬೇಸ್ ಎಲ್ಲದರ ಮೇಲಿನ ಕಾವಲೂ ಹೋಗುತ್ತದೆ. ಮೊದಲು ‘ಸೆಟ್‌ಎನ್‌ಫೋರ್ಸ್ 1’ ಕೊಟ್ಟು, ಆಮೇಲೆ ಮುಂದೆ ಓದು.

ಏನಾಗಿದೆ ಅಂತ ಇಲ್ಲಿಂದಲೇ ಊಹಿಸಬಲ್ಲೆ. ಹೋಮ್ ಡೈರೆಕ್ಟರಿಯಲ್ಲಿ ಬಿಲ್ಡ್ ಮಾಡಿ, ‘ಎಂವಿ’ ಕಮ್ಯಾಂಡ್‌ನಿಂದ /ಯುಎಸ್‌ಆರ್/ಲೋಕಲ್/ಬಿನ್ ಒಳಗೆ ಹಾಕಿದ್ದೀಯ, ಅಲ್ವಾ? ಎಸ್‌ಇಲಿನಕ್ಸ್‌ನಲ್ಲಿ ಪ್ರತಿ ಫೈಲಿಗೂ ಒಂದು ಲೇಬಲ್ ಇರುತ್ತದೆ. ‘ಸಿಪಿ’ ಮಾಡಿದರೆ ಹೊಸ ಫೈಲಿಗೆ ಆ ಜಾಗದ ಲೇಬಲ್ ಬರುತ್ತದೆ. ‘ಎಂವಿ’ ಮಾಡಿದರೆ ಹಳೆಯ ಲೇಬಲ್ಲೇ ಫೈಲಿನ ಜೊತೆ ಬರುತ್ತದೆ. ನಿನ್ನ ಬೈನರಿ ಈಗ ಕೂತಿರುವುದು ಸಿಸ್ಟಮ್ ಡೈರೆಕ್ಟರಿಯಲ್ಲಿ, ಅದರ ಲೇಬಲ್ ಮಾತ್ರ ಇನ್ನೂ ‘ಯೂಸರ್_ಹೋಮ್_ಟಿ’. ಯಾರದ್ದೋ ಹೋಮ್ ಡೈರೆಕ್ಟರಿಯ ಫೈಲನ್ನು ಸಿಸ್ಟಮ್‌ಡಿ ಓಡಿಸುವುದಕ್ಕೆ ಪಾಲಿಸಿ, ಅಂದರೆ ಎಸ್‌ಇಲಿನಕ್ಸ್‌ನ ನಿಯಮಗಳ ಪಟ್ಟಿ, ಬಿಡುವುದಿಲ್ಲ. ಬಿಡಲೂಬಾರದು. ನೀನು ಟರ್ಮಿನಲ್‌ನಿಂದ ಓಡಿಸುವಾಗ ನಿನ್ನ ಶೆಲ್ ‘ಅನ್‌ಕನ್‌ಫೈನ್ಡ್_ಟಿ’ಯಲ್ಲಿರುತ್ತದೆ, ಅದಕ್ಕೆ ತಡೆಯಿಲ್ಲ. ‘ಎಲ್‌ಎಸ್’ಗೆ ದೊಡ್ಡ ಝಡ್ ಆಪ್ಶನ್ ಕೊಟ್ಟು ಲೇಬಲ್ ನೋಡು, ಆಮೇಲೆ ಆ ಜಾಗಕ್ಕೆ ಸರಿಯಾದ ಲೇಬಲ್ ಹಚ್ಚುವ ‘ರಿಸ್ಟೋರ್‌ಕಾನ್’ ಓಡಿಸಿ ಮತ್ತೆ ನೋಡು. ‘ಬಿನ್_ಟಿ’ ಆಗಿರುತ್ತದೆ. ಸರ್ವಿಸ್ ಶುರುವಾಗುತ್ತದೆ.

ಜಾಸ್ತಿ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನೀನು ನಿಲ್ಲಿಸಬೇಡ. ಈಗ ‘ಪಿಎಸ್ -ಇಝಡ್’ ಕೊಟ್ಟು ನಿನ್ನ ಪ್ರೋಸೆಸ್ಸಿನ ಸಾಲು ಹುಡುಕು. ‘ಅನ್‌ಕನ್‌ಫೈನ್ಡ್_ಸರ್ವಿಸ್_ಟಿ’ ಅಂತ ಕಾಣುತ್ತದೆ. ಈಗಿನ ಫೆಡೊರಾ, ಆರ್‌ಎಚ್‌ಇಎಲ್‌ಗಳಲ್ಲಿ ಸ್ವಂತ ಪಾಲಿಸಿ ಇಲ್ಲದ ಸರ್ವಿಸ್‌ಗಳೆಲ್ಲ ಇದರಲ್ಲೇ ಓಡುತ್ತವೆ. ಅಂದರೆ ಎಸ್‌ಇಲಿನಕ್ಸ್ ಆನ್ ಇದೆ, ನಿನ್ನ ಡೀಮನ್ ಮೇಲೆ ಮಾತ್ರ ಅದರ ಹಿಡಿತ ಏನೂ ಇಲ್ಲ. ಆ ಡೀಮನ್ ಹೊರಗಿನಿಂದ ಡೇಟಾ ತೆಗೆದುಕೊಳ್ಳುತ್ತದೆ, ರೂಟ್ ಆಗಿ, ಅಂದರೆ ಎಲ್ಲ ಅಧಿಕಾರದೊಂದಿಗೆ, ಶುರುವಾಗುತ್ತದೆ. ಅದರ ಪಾರ್ಸರ್‌ನಲ್ಲಿ ನಾಳೆ ಒಂದು ತೂತು ಸಿಕ್ಕರೆ ಒಳಗೆ ಬಂದವನಿಗೆ ಇಡೀ ಮಶಿನ್ ಸಿಕ್ಕಿತು.

ಮಾಮೂಲಿ ಪರ್ಮಿಷನ್‌ಗಳ ಕೊರತೆ ಇರುವುದೇ ಇಲ್ಲಿ. ಫೈಲಿನ ಓನರ್ ಯಾರಿಗೆ ಬೇಕಾದರೂ ಅನುಮತಿ ಕೊಡಬಹುದು, ರೂಟ್‌ಗಂತೂ ಆ ಲೆಕ್ಕವೇ ಇಲ್ಲ. ಮ್ಯಾಂಡೇಟರಿ ಆಕ್ಸೆಸ್ ಕಂಟ್ರೋಲ್‌ನಲ್ಲಿ ಹಾಗಲ್ಲ. ನಿಯಮ ಬರೆಯುವುದು ಅಡ್ಮಿನ್, ಜಾರಿ ಮಾಡುವುದು ಕರ್ನಲ್. ಪ್ರೋಸೆಸ್ ರೂಟ್ ಆದರೂ ಪಾಲಿಸಿಯಲ್ಲಿ ಇಲ್ಲದ್ದನ್ನು ಮಾಡಲಾರದು. ಮೊದಲು ಮಾಮೂಲಿ ಪರ್ಮಿಷನ್ ನೋಡುತ್ತಾರೆ, ಅಲ್ಲಿ ಪಾಸ್ ಆದ ಮೇಲೆ ಪಾಲಿಸಿ. ಹಾಗಾಗಿ ಮಾಮೂಲಿ ಪರ್ಮಿಷನ್ನೇ ತಡೆದಾಗ ಎಷ್ಟೋ ಸಲ ಆಡಿಟ್ ಲಾಗ್‌ನಲ್ಲಿ ಏನೂ ಇರುವುದಿಲ್ಲ. ಲಾಗ್ ಖಾಲಿಯಿದ್ದರೆ ಮೊದಲು ‘ಸಿಎಚ್‌ಮಾಡ್’ ಕಡೆ ನೋಡು. ಎಸ್‌ಇಲಿನಕ್ಸ್ ಅಮೆರಿಕದ ಎನ್‌ಎಸ್‌ಎಯಲ್ಲಿ ಹುಟ್ಟಿದ್ದು. 2000ದ ಡಿಸೆಂಬರ್‌ನಲ್ಲಿ ಸೋರ್ಸ್ ಬಿಡುಗಡೆ ಮಾಡಿದರು, 2003ರಲ್ಲಿ 2.6 ಕರ್ನಲ್ ಒಳಗೆ ಸೇರಿತು. ಗೂಢಚಾರರ ಸಂಸ್ಥೆ ಅಂತ ಹುಬ್ಬೇರಿಸಬೇಡ, ಕೋಡ್ ಅಷ್ಟು ವರ್ಷಗಳಿಂದ ಎಲ್ಲರ ಕಣ್ಣ ಮುಂದಿದೆ.

ಸರಿ, ಪಾಲಿಸಿ ಬರೆಯುವ ಮೊದಲು ಒಂದು ಕಾಗದ ತಗೋ. ನಿನ್ನ ಡೀಮನ್ ಯಾವ ಫೈಲು ಓದುತ್ತದೆ, ಎಲ್ಲಿ ಬರೆಯುತ್ತದೆ, ಯಾವ ಪೋರ್ಟ್‌ನಲ್ಲಿ ಕೇಳುತ್ತದೆ, ಹೊರಗೆ ಯಾರಿಗಾದರೂ ಕನೆಕ್ಟ್ ಮಾಡುತ್ತದಾ, ಬೇರೆ ಪ್ರೋಗ್ರಾಂ ಓಡಿಸುತ್ತದಾ, ಎಲ್ಲ ಬರಿ. ಕೋಡ್ ನೀನೇ ಬರೆದಿದ್ದರೂ, ಪ್ರೋಗ್ರಾಂ ಕರ್ನಲ್‌ಗೆ ಕೇಳುವುದನ್ನೆಲ್ಲ ತೋರಿಸುವ ‘ಎಸ್‌ಟ್ರೇಸ್’ ಹಾಕಿ ನೋಡು. ಲೈಬ್ರರಿಗಳು ನಿನಗೆ ಹೇಳದೆ ಮಾಡುವ ಕೆಲಸ ಎಷ್ಟಿದೆ ಅಂತ ಆಗ ಗೊತ್ತಾಗುತ್ತದೆ. ಈ ಕಾಗದ ಮುಂದೆ ಬೇಕಾಗುತ್ತದೆ. ಲಾಗ್‌ನಲ್ಲಿ ಒಂದು ತಡೆ ಕಂಡಾಗ ‘ಇದನ್ನು ಬಿಡಲಾ ಬೇಡವಾ’ ಅನ್ನುವುದಕ್ಕೆ ಉತ್ತರ ಲಾಗ್‌ನಲ್ಲಿ ಇರುವುದಿಲ್ಲ, ಈ ಕಾಗದದಲ್ಲಿ ಇರುತ್ತದೆ.

ಆಮೇಲೆ ‘ಸೆಪಾಲಿಸಿ ಜನರೇಟ್’ಗೆ ‘ಇನಿಟ್’ ಆಪ್ಶನ್ ಮತ್ತು ಬೈನರಿಯ ಪಾತ್ ಕೊಡು. ಒಂದಷ್ಟು ಫೈಲು ಮಾಡಿಕೊಡುತ್ತದೆ. ಟಿಇ ಫೈಲಿನಲ್ಲಿ ನಿಯಮಗಳು, ಎಫ್‌ಸಿ ಫೈಲಿನಲ್ಲಿ ಯಾವ ಪಾತ್‌ಗೆ ಯಾವ ಲೇಬಲ್ ಅನ್ನುವುದು. ಜೊತೆಗೆ ಬಿಲ್ಡ್ ಮಾಡಿ ಇನ್‌ಸ್ಟಾಲ್ ಮಾಡುವ ಒಂದು ಸ್ಕ್ರಿಪ್ಟ್. ಟಿಇ ಫೈಲಿನಲ್ಲಿ ‘ಪರ್ಮಿಸಿವ್’ ಅಂತ ಒಂದು ಸಾಲಿದೆ ನೋಡು. ‘ಸೆಟ್‌ಎನ್‌ಫೋರ್ಸ್ 0’ ಬದಲು ನಿನಗೆ ಬೇಕಾಗಿದ್ದದ್ದು ಇದು. ನಿನ್ನ ಡೀಮನ್‌ನ ಡೊಮೈನ್‌ಗೆ (ಓಡುವ ಪ್ರೋಸೆಸ್ಸಿನ ಲೇಬಲ್‌ಗೆ) ಮಾತ್ರ ಸಡಿಲ ಸಿಗುತ್ತದೆ, ತಪ್ಪಿದ್ದೆಲ್ಲ ಲಾಗ್ ಆಗುತ್ತದೆ, ಉಳಿದ ಸಿಸ್ಟಮ್ ಬಿಗಿಯಾಗೇ ಇರುತ್ತದೆ.

ಇನ್ನು ಪರೀಕ್ಷೆ. ಯಾವಾಗಲೂ ‘ಸಿಸ್ಟಮ್‌ಸಿಟಿಎಲ್’ ಮೂಲಕವೇ ಶುರು ಮಾಡು. ಸಿಸ್ಟಮ್‌ಡಿ ನಿನ್ನ ಬೈನರಿಯನ್ನು ಓಡಿಸುವ ಕ್ಷಣದಲ್ಲೇ ಪ್ರೋಸೆಸ್ ಹೊಸ ಡೊಮೈನ್‌ಗೆ ದಾಟುವುದು. ಶೆಲ್‌ನಿಂದ ಓಡಿಸಿದರೆ ಅದು ನಿನ್ನ ಡೊಮೈನ್‌ನಲ್ಲೇ ಉಳಿಯುತ್ತದೆ, ಎಲ್ಲ ಚೆನ್ನಾಗಿದೆ ಅಂತ ಸುಮ್ನೆ ಖುಷಿಪಡುತ್ತೀಯ. ಸಿಸ್ಟಮ್‌ಡಿಯ ಯೂನಿಟ್ ಫೈಲಿನಲ್ಲಿ ‘ನೋ ನ್ಯೂ ಪ್ರಿವಿಲೆಜಸ್’ (ಹೊಸ ಅಧಿಕಾರ ಪಡೆಯದ ಹಾಗೆ ತಡೆಯುವ ಸಾಲು) ಹಾಕಿದ್ದರೆ ಈ ದಾಟುವಿಕೆಗೆ ಪಾಲಿಸಿಯಲ್ಲಿ ಬೇರೆಯೇ ಒಂದು ಅನುಮತಿ ಬೇಕು, ‘ಎನ್‌ಎನ್‌ಪಿ_ಟ್ರಾನ್ಸಿಷನ್’ ಅಂತ, 4.14 ಕರ್ನಲ್‌ನಲ್ಲಿ ಬಂದದ್ದು. ಡೊಮೈನ್ ಬದಲಾಗದೆ ತಲೆ ಕೆರೆದುಕೊಳ್ಳುತ್ತಿದ್ದರೆ ಅದನ್ನು ನೋಡು.

ದಿನಾ ನಡೆಯುವ ಕೆಲಸ ಮಾತ್ರ ಪರೀಕ್ಷೆ ಮಾಡಿದರೆ ಸಾಲದು. ಲಾಗ್ ರೊಟೇಟ್ ಆಗಲಿ. ರೀಲೋಡ್ ಕೊಡು. ಕಾನ್ಫಿಗ್ ಫೈಲನ್ನು ಬೇಕಂತಲೇ ಕೆಡಿಸಿ ಶುರು ಮಾಡು. ಸರ್ಟಿಫಿಕೇಟ್ ಹೊಸದು ಹಾಕು. ನೆಟ್‌ವರ್ಕ್ ಕಿತ್ತು ಮತ್ತೆ ಹಾಕು. ಮಶಿನ್ ರೀಬೂಟ್ ಮಾಡು. ಪಾಲಿಸಿ ಕೈಕೊಡುವುದು ಬಹುಮಟ್ಟಿಗೆ ಇಂಥ ಅಪರೂಪದ ದಾರಿಗಳಲ್ಲೇ, ಅದೂ ರಾತ್ರಿ ಹೊತ್ತು.

ಈಗ ‘ಎಯುಸರ್ಚ್’ನಿಂದ ಆಡಿಟ್ ಲಾಗ್‌ನ ಎವಿಸಿ ಸಾಲುಗಳನ್ನು, ಅಂದರೆ ಎಸ್‌ಇಲಿನಕ್ಸ್‌ನ ತಡೆಗಳ ದಾಖಲೆಯನ್ನು, ತೆಗೆ. ಒಂದೊಂದೂ ಉದ್ದ ಇರುತ್ತದೆ, ಹೆದರಬೇಡ. ಹೂ ಆವರಣದ ಒಳಗಿರುವುದು ಏನು ಮಾಡಲು ಹೋಯಿತು ಅನ್ನುವುದು. ‘ಎಸ್‌ಕಾಂಟೆಕ್ಸ್ಟ್’ ಅಂದರೆ ಯಾರು, ‘ಟಿಕಾಂಟೆಕ್ಸ್ಟ್’ ಅಂದರೆ ಯಾವುದರ ಮೇಲೆ, ‘ಟಿಕ್ಲಾಸ್’ ಅಂದರೆ ಅದು ಫೈಲೋ ಡೈರೆಕ್ಟರಿಯೋ ಸಾಕೆಟ್ಟೋ. ಇಷ್ಟು ಓದಲು ಬಂದರೆ ಅರ್ಧ ಕೆಲಸ ಮುಗಿಯಿತು.

ಇಲ್ಲಿ ನಿನ್ನನ್ನು ಒಂದು ಆಸೆ ಎಳೆಯುತ್ತದೆ. ‘ಆಡಿಟ್‌ಟುಅಲೋ’ ಅನ್ನುವ ಟೂಲ್ ಆ ಸಾಲುಗಳನ್ನು ತಿಂದು ನಿಯಮಗಳನ್ನು ಉಗುಳುತ್ತದೆ. ಅದನ್ನು ಹಾಗೇ ಲೋಡ್ ಮಾಡಿದರೆ ಎಲ್ಲ ಓಡುತ್ತದೆ. ಉದಾಹರಣೆಗೆ ನಿನ್ನ ಡೀಮನ್ /ವರ್/ಲಿಬ್ ಕೆಳಗೆ ತನ್ನದೊಂದು ಡೈರೆಕ್ಟರಿಯಲ್ಲಿ ಬರೆಯುತ್ತದೆ ಅಂತಿಟ್ಟುಕೋ. ಎಫ್‌ಸಿ ಫೈಲಿನಲ್ಲಿ ಆ ಡೈರೆಕ್ಟರಿಗೆ ಲೇಬಲ್ ಕೊಡಲು ಮರೆತಿದ್ದೀಯ. ಹಾಗಾಗಿ ಅದಕ್ಕೆ ‘ವರ್_ಲಿಬ್_ಟಿ’ ಅನ್ನುವ ಸಾಮಾನ್ಯ ಲೇಬಲ್ ಬಂದಿದೆ. ‘ಆಡಿಟ್‌ಟುಅಲೋ’ ಏನು ಹೇಳುತ್ತದೆ? ನಿನ್ನ ಡೊಮೈನ್‌ಗೆ ‘ವರ್_ಲಿಬ್_ಟಿ’ ಮೇಲೆ ಬರೆಯಲು ಬಿಡು ಅನ್ನುತ್ತದೆ. ಬಿಟ್ಟರೆ, ಅಲ್ಲಿ ಸ್ವಂತ ಲೇಬಲ್ ಇಲ್ಲದ ಬೇರೆಯವರ ಡೇಟಾ ಏನೇನಿದೆಯೋ ಅದೆಲ್ಲಕ್ಕೂ ಪಾಲಿಸಿ ಬಾಗಿಲು ತೆರೆದ ಹಾಗಾಯಿತು. ಆ ಟೂಲ್‌ಗೆ ಹೊಸ ಟೈಪ್ (‘_ಟಿ’ ಅಂತ ಮುಗಿಯುವ ಲೇಬಲ್ ಹೆಸರು) ಹುಟ್ಟಿಸಲು ಬರುವುದಿಲ್ಲ. ಲಾಗ್‌ನಲ್ಲಿ ಕಂಡ ಹೆಸರುಗಳನ್ನೇ ಜೋಡಿಸುತ್ತದೆ. ಸರಿಯಾದ ದಾರಿ ಅಂದರೆ ನಿನ್ನ ಡೇಟಾಗೆ ಸ್ವಂತ ಟೈಪ್ ಮಾಡಿ, ಎಫ್‌ಸಿಯಲ್ಲಿ ಬರೆದು, ‘ರಿಸ್ಟೋರ್‌ಕಾನ್’ ಓಡಿಸುವುದು. ‘ಸಿಎಚ್‌ಕಾನ್’ನಿಂದ ಹಚ್ಚಿದ ಲೇಬಲ್ ಮುಂದಿನ ರೀಲೇಬಲ್‌ನಲ್ಲಿ ಅಳಿಸಿಹೋಗುತ್ತದೆ, ಅದನ್ನು ಪ್ರಯೋಗಕ್ಕೆ ಮಾತ್ರ ಇಟ್ಟುಕೋ.

ಇನ್ನೊಂದು, ನನಗೆ ಬಹಳ ಇಷ್ಟವಾದ ತಡೆ. ‘ಡಿಎಸಿ_ಓವರ್‌ರೈಡ್’ ಅಂತ ಬರುತ್ತದೆ. ನೋಡಿದವರು ತಕ್ಷಣ ಅನುಮತಿ ಕೊಟ್ಟುಬಿಡುತ್ತಾರೆ. ಅದರ ಅರ್ಥ ಏನು ಗೊತ್ತಾ? ರೂಟ್ ಆಗಿ ಓಡುತ್ತಿರುವ ಪ್ರೋಸೆಸ್, ಮಾಮೂಲಿ ಪರ್ಮಿಷನ್ ಪ್ರಕಾರ ತನಗೆ ಹಕ್ಕಿಲ್ಲದ ಫೈಲನ್ನು, ನಾನು ರೂಟ್ ಅನ್ನುವ ಜೋರಿನಿಂದ ತೆರೆಯಲು ಹೋಗಿದೆ. ನಿನ್ನ ಡೀಮನ್‌ನಲ್ಲಿ ಇದು ಬಂದರೆ, ಲಾಗ್ ಫೈಲ್ ಸರ್ವಿಸ್ ಯೂಸರ್ ಹೆಸರಿನಲ್ಲಿ 0600 (ಓನರ್ ಮಾತ್ರ ಓದಿ ಬರೆಯಬಹುದು) ಇರಬಹುದು, ಡೀಮನ್ ರೂಟ್ ಬಿಡುವ ಮೊದಲೇ ಅದನ್ನು ತೆರೆಯುತ್ತಿರಬಹುದು. ಇದಕ್ಕೆ ಮದ್ದು ಪಾಲಿಸಿಯಲ್ಲಿಲ್ಲ. ಫೈಲಿನ ಓನರ್, ಮೋಡ್ ಸರಿಮಾಡು. ಇಲ್ಲವೇ ಕೋಡಿನಲ್ಲಿ ಮೊದಲು ಯೂಸರ್ ಬದಲಿಸಿ ಆಮೇಲೆ ಫೈಲ್ ತೆರೆ. ಪಾಲಿಸಿ ಬರೆಯುತ್ತಾ ಬರೆಯುತ್ತಾ ನಿನ್ನ ಪ್ರೋಗ್ರಾಂನ ಬಗ್ ಹೀಗೆ ಸಿಗುತ್ತದೆ.

ಆದ್ದರಿಂದ ತಡೆ ಕಂಡಾಗ ಮೊದಲು ಲೇಬಲ್ ತಪ್ಪಿದೆಯಾ ನೋಡು. ಆಮೇಲೆ ಡೀಮನ್ ಮಾಡುತ್ತಿರುವುದೇ ತಪ್ಪಾ ಅಂತ ಯೋಚಿಸು. ಹೊಸ ನಿಯಮ ಕೊನೆಗೆ. ಸಿಸ್ಟಮ್ ಜೊತೆ ಬಂದಿರುವ ವೆಬ್ ಸರ್ವರ್‌ನಂಥ ಸರ್ವಿಸ್ ಆದರೆ ನಡುವೆ ಬೂಲಿಯನ್‌ಗಳನ್ನೂ (ಪಾಲಿಸಿಯಲ್ಲಿ ಮೊದಲೇ ಇರುವ ಆನ್-ಆಫ್ ಸ್ವಿಚ್‌ಗಳು) ನೋಡಬೇಕು. ವೆಬ್ ಸರ್ವರ್ ಹೊರಗೆ ಕನೆಕ್ಟ್ ಮಾಡಬೇಕಾದರೆ ‘ಸೆಟ್‌ಎಸ್‌ಇಬೂಲ್’ನಲ್ಲಿ ‘ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್’ ಆನ್ ಮಾಡಿದರೆ ಮುಗಿಯಿತು. ದೊಡ್ಡ ಪಿ ಆಪ್ಶನ್ ಮರೆಯಬೇಡ, ಇಲ್ಲದಿದ್ದರೆ ರೀಬೂಟ್ ಆದ ಮೇಲೆ ಹೋಗುತ್ತದೆ. ಪೋರ್ಟ್‌ಗಳಿಗೂ ಲೇಬಲ್ ಇವೆ, ‘ಸೆಮ್ಯಾನೇಜ್ ಪೋರ್ಟ್’ ನೋಡಿಕೋ.

ಕೆಲವು ಸಲ ಡೀಮನ್ ಕೆಲಸ ಮಾಡುವುದಿಲ್ಲ, ಲಾಗ್‌ನಲ್ಲೂ ಏನಿಲ್ಲ, ಪರ್ಮಿಸಿವ್ ಮಾಡಿದರೆ ಮಾತ್ರ ಓಡುತ್ತದೆ. ಗದ್ದಲ ಕಡಿಮೆ ಮಾಡಲು ಪಾಲಿಸಿ ಬರೆಯುವವರು ಕೆಲವು ತಡೆಗಳನ್ನು ‘ಡೋಂಟ್‌ಆಡಿಟ್’ ಎಂದು ಮುಚ್ಚಿಟ್ಟಿರುತ್ತಾರೆ. ‘ಸೆಮಾಡ್ಯೂಲ್ -ಡಿಬಿ’ ಕೊಟ್ಟರೆ ಅವೂ ಕಾಣುತ್ತವೆ (ಡಿ, ಬಿ ಎರಡೂ ದೊಡ್ಡಕ್ಷರ). ನೋಡಿ ಆದ ಮೇಲೆ ಬರೀ ದೊಡ್ಡ ಬಿ ಕೊಟ್ಟು ಮತ್ತೆ ಮುಚ್ಚು.

ನಿನ್ನ ಇನ್ನೊಂದು ಮಶಿನ್ ಉಬುಂಟು ಅಂದಿದ್ದೆ. ಅಲ್ಲಿ ಎಸ್‌ಇಲಿನಕ್ಸ್ ಬದಲು ಇರುವುದು ಆಪ್‌ಆರ್ಮರ್. ಕರ್ನಲ್‌ಗೆ ಅದು ಸೇರಿದ್ದು 2010ರಲ್ಲಿ, 2.6.36ರಲ್ಲಿ. ಅದು ಲೇಬಲ್ ನೋಡುವುದಿಲ್ಲ, ಪಾತ್ ನೋಡುತ್ತದೆ. /ಇಟಿಸಿ/ಆಪ್‌ಆರ್ಮರ್.ಡಿ ಒಳಗೆ ಒಂದು ಪ್ರೊಫೈಲ್, ಅದರಲ್ಲಿ ಯಾವ ಪಾತ್ ಓದಬಹುದು, ಯಾವುದಕ್ಕೆ ಬರೆಯಬಹುದು ಅಂತ ನೇರವಾಗಿ ಬರೆದಿರುತ್ತದೆ. ಓದಲು ಸುಲಭ, ನಿಜ ಹೇಳಬೇಕೆಂದರೆ ಕಲಿಯಲೂ ಸುಲಭ. ‘ಎಎ-ಜೆನ್‌ಪ್ರಾಫ್’ನಿಂದ ಶುರು ಮಾಡು, ‘ಕಂಪ್ಲೇನ್’ ಮೋಡ್‌ನಲ್ಲಿ (ತಡೆಯದೆ ಲಾಗ್ ಮಾತ್ರ ಮಾಡುವುದು) ಓಡಿಸಿ, ‘ಎಎ-ಲಾಗ್‌ಪ್ರಾಫ್’ ಕೇಳುವ ಪ್ರಶ್ನೆಗಳಿಗೆ ನಿಧಾನವಾಗಿ ಉತ್ತರ ಕೊಡು. ಎರಡು ವಿಷಯ ಮಾತ್ರ ನೆನಪಿಡು. ಪ್ರೊಫೈಲ್ ಅಂಟಿಕೊಳ್ಳುವುದು ಪ್ರೋಗ್ರಾಂ ಶುರುವಾಗುವಾಗ. ಮೊದಲ ಸಲ ಪ್ರೊಫೈಲ್ ಹಾಕಿ ಸರ್ವಿಸ್ ರೀಸ್ಟಾರ್ಟ್ ಮಾಡದಿದ್ದರೆ ಹಳೆಯ ಪ್ರೋಸೆಸ್ ಹಾಗೇ ಓಡುತ್ತಿರುತ್ತದೆ. ‘ಎಎ-ಸ್ಟೇಟಸ್’ ಅದನ್ನು ಹೇಳುತ್ತದೆ. ಇನ್ನು ‘ಡಿನೈ’ ಅಂತ ನೀನೇ ಬರೆದ ನಿಯಮ ಕಂಪ್ಲೇನ್ ಮೋಡ್‌ನಲ್ಲೂ ತಡೆಯುತ್ತದೆ, ಅದೂ ಲಾಗ್‌ನಲ್ಲಿ ಸದ್ದಿಲ್ಲದೆ. ಡೇಟಾಬೇಸ್‌ನ ಡೇಟಾ ಡೈರೆಕ್ಟರಿಯನ್ನು ಬೇರೆ ಡಿಸ್ಕ್‌ಗೆ ಸಾಗಿಸಿದಾಗ ಅದು ಏಳದಿದ್ದರೆ ಮೊದಲು ನೋಡಬೇಕಾದದ್ದು ಈ ಪ್ರೊಫೈಲನ್ನೇ.

ಎವಿಸಿ ಸಾಲುಗಳು ನಿಂತು, ಆ ಅಪರೂಪದ ದಾರಿಗಳನ್ನೆಲ್ಲ ಒಂದು ಸುತ್ತು ಓಡಿಸಿದ ಮೇಲೆ ಟಿಇ ಫೈಲಿನಿಂದ ‘ಪರ್ಮಿಸಿವ್’ ಸಾಲು ತೆಗೆದು ಮತ್ತೆ ಬಿಲ್ಡ್ ಮಾಡು. ಪಾಲಿಸಿಯ ಫೈಲುಗಳನ್ನು ಡೀಮನ್‌ನ ಕೋಡ್ ಇರುವ ಗಿಟ್ ರೆಪೊದಲ್ಲೇ ಇಡು. ಕೋಡ್ ಹೊಸ ಡೈರೆಕ್ಟರಿಗೆ ಬರೆಯಲು ಶುರು ಮಾಡಿದ ದಿನ ಎಫ್‌ಸಿ ಫೈಲೂ ಅದೇ ಕಮಿಟ್‌ನಲ್ಲಿ ಬದಲಾಗಲಿ.

ಸದ್ಯಕ್ಕೆ ಆ ಕಾಗದ ಬರಿ. ಟಿಇ, ಎಫ್‌ಸಿ ಫೈಲುಗಳ ಜೊತೆ ಅದರ ಫೋಟೋನೂ ಕಳಿಸು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಎವಿಸಿ ಸಾಲು ಕಳಿಸುವಾಗ ಸ್ಕ್ರೀನ್‌ಶಾಟ್ ಬೇಡ, ಪೂರ್ತಿ ಸಾಲನ್ನು ಟೆಕ್ಸ್ಟ್ ಆಗಿ ಹಾಕು. ಅರ್ಧ ಕತ್ತರಿಸಿದ ಸಾಲಿನಲ್ಲಿ ‘ಟಿಕಾಂಟೆಕ್ಸ್ಟ್’ ಇರುವುದಿಲ್ಲ, ನನಗೆ ಬೇಕಾಗಿರುವುದು ಅದೇ.

ಇಂತಿ,
ನಿನ್ನ ದೊಡ್ಡಪ್ಪ