‘ಸ್ವಂತ’ದೊಳಗಿನ ಸಾಲ

ಪ್ರೀತಿಯ ತಂಗಿಗೆ,

ನಿನ್ನ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಪ್ರಕಾಶಕರು ಯಾರಾಗಬೇಕು, ಮುನ್ನುಡಿಯನ್ನು ಯಾರಿಂದ ಬರೆಸಬೇಕು ಎಂಬುದನ್ನೆಲ್ಲ ತಿಳಿದವರು ಬೇರೆ ಇದ್ದಾರೆ, ಅವರನ್ನೇ ಕೇಳು. ನನ್ನನ್ನು ತಟ್ಟಿದ್ದು ಕೊನೆಯ ಹಾಳೆಯ ಹಿಂದೆ ನೀನು ಪೆನ್ಸಿಲಿನಲ್ಲಿ ಬರೆದಿದ್ದ ಸಾಲು: ‘ಇದರಲ್ಲಿ ನನ್ನ ಸ್ವಂತದ್ದೆನ್ನುವ ಒಂದು ವಾಕ್ಯವೂ ಇಲ್ಲ.’

ನಲವತ್ತು ವರ್ಷ ಜರ್ಮನ್‌ನಿಂದ ಕನ್ನಡಕ್ಕೆ ಅನುವಾದ ಮಾಡಿದ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಈ ‘ಸ್ವಂತ’ಕ್ಕೆ ಅವರಲ್ಲಿರುವ ‘ಐಗನ್’ ಎಂಬ ಪದವೇ. ಡಚ್ಚರೂ ಅದನ್ನು ಅದೇ ಅಕ್ಷರಗಳಲ್ಲಿ ಬರೆಯುತ್ತಾರೆ. ಸ್ವೀಡಿಷ್‌ನ ‘ಏಗೆನ್’, ಇಂಗ್ಲಿಷಿನ ‘ಓನ್’ ಅದರ ಒಡಹುಟ್ಟುಗಳು. ಇವೆಲ್ಲ ‘ಹೊಂದಿರು’ ಎಂಬ ಅರ್ಥದ ಒಂದು ಹಳೆಯ ಕ್ರಿಯಾಪದದ ಭೂತಕೃದಂತಗಳು. ಆ ಕ್ರಿಯಾಪದ 4ನೇ ಶತಮಾನದ ಗಾಥಿಕ್ ಬೈಬಲಿನಲ್ಲಿ (ಗಾಥಿಕ್ ಎಂದರೆ ಜರ್ಮನ್, ಇಂಗ್ಲಿಷ್‌ಗಳ ಬಳಗದ, ಈಗ ಅಳಿದುಹೋದ ಭಾಷೆ) ಸಿಗುತ್ತದೆ, ಮತ್ತು ಅದರ ದೂರದ ನಂಟು ಸಂಸ್ಕೃತದ ‘ಈಶ್’ ಧಾತು, ಅಂದರೆ ನಮ್ಮ ಈಶ, ಈಶ್ವರರ ಧಾತು. ನಮ್ಮ ‘ಸ್ವ’ದಿಂದ ಸ್ವತ್ತೂ ಸ್ವಭಾವವೂ ಬಂದಂತೆ ಅವರ ‘ಐಗನ್’ನಿಂದ ಆಸ್ತಿಗೆ ‘ಐಗನ್‌ಟೂಮ್’, ಗುಣಕ್ಕೆ ‘ಐಗನ್‌ಶಾಫ್ಟ್’, ಹಟಮಾರಿತನಕ್ಕೆ ‘ಐಗನ್‌ಝಿನ್’ ಬಂದವು. ಸ್ವೀಡನ್ನಿನಲ್ಲಿ ಒಬ್ಬನನ್ನು ‘ಏಗೆನ್’ ಎಂದರೆ ಅವನು ಸ್ವಲ್ಪ ವಿಚಿತ್ರದವನು ಎಂದೂ ಆಗುತ್ತದೆ.

ಆದರೆ ಅದೇ ಪದದಿಂದ ‘ಲೈಪ್‌ಐಗನ್’ ಕೂಡ ಹುಟ್ಟಿದೆ: ದೇಹವೇ ಒಡೆಯನ ಸ್ವತ್ತಾಗಿ ಜಮೀನಿಗೆ ಕಟ್ಟಿಹಾಕಲ್ಪಟ್ಟ ರೈತ. ಆಸ್ಟ್ರಿಯದ ದೊರೆ ಎರಡನೇ ಜೋಸೆಫ್ ಬೊಹೆಮಿಯಾದಲ್ಲಿ, ಅಂದರೆ ಇಂದಿನ ಚೆಕ್ ನಾಡಿನಲ್ಲಿ, ಈ ಪದ್ಧತಿಯನ್ನು ರದ್ದುಪಡಿಸಿದ್ದು 1781ರಲ್ಲಿ. ನನ್ನ ಮೊದಲ ಅನುವಾದದಲ್ಲಿ ನಾನು ‘ಮೈಯನ್ನೇ ಒಡೆಯನಿಗೆ ಬರೆದುಕೊಟ್ಟವನು’ ಎಂದು ಬಳಸಿದ್ದನ್ನು ಸಂಪಾದಕರೊಬ್ಬರು ನನ್ನನ್ನು ಕೇಳದೆ ‘ಸೇವಕ’ ಎಂದು ತಿದ್ದಿ ಅಚ್ಚು ಹಾಕಿಸಿದರು. ಅವರನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ನಿನಗೆ ಹೇಳಬೇಕಾದದ್ದು ಇಂಗ್ಲಿಷಿನಲ್ಲಿದೆ. ‘ಹೊಂದಿರು’ ಎಂಬ ಅದೇ ಕ್ರಿಯಾಪದ ಅಲ್ಲಿ ಕಾಲಕ್ರಮದಲ್ಲಿ ‘ಕೊಡಬೇಕಾದದ್ದನ್ನು ಹೊಂದಿರು’ ಎಂದು ಹೊರಳಿ, ಸಾಲದ ‘ಓ’ (owe) ಆಯಿತು. ಅದರ ಹಳೆಯ ಭೂತಕಾಲದ ರೂಪ ‘ಆಟ್’ (ought) ಇಂದು ಕರ್ತವ್ಯವನ್ನು ಸೂಚಿಸುತ್ತದೆ. ಸ್ವಂತ, ಸಾಲ, ಕರ್ತವ್ಯ ಮೂರೂ ಒಂದೇ ಬೇರಿನವು. ಇದನ್ನು ನಾನು ತಿಳಿಯುವ ಹೊತ್ತಿಗೆ ತಡವಾಗಿತ್ತು. ನನ್ನ ಮೊದಲ ಕಥಾಸಂಕಲನದ ಐದು ಕಥೆಗಳು ಸೋದರತ್ತೆ ಹಪ್ಪಳ ಒತ್ತುತ್ತಾ ಹೇಳಿದವು, ಎಷ್ಟೋ ಕಡೆ ಅವರ ಮಾತು ಹಾಗೆಯೇ ಇದೆ. ವಿಮರ್ಶಕರು ‘ಸ್ವಂತಿಕೆ’ ಎಂದು ಹೊಗಳಿದರು, ನಾನು ಸುಮ್ಮನಿದ್ದೆ. ಓದು ಬಾರದ ಅತ್ತೆ ಯಾರಿಂದಲೋ ಓದಿಸಿಕೊಂಡು ಕೇಳಿ, ‘ಚೆನ್ನಾಗಿ ಬರೆದಿದ್ದೀಯಪ್ಪ’ ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಎರಡನೇ ಮುದ್ರಣದಲ್ಲಾದರೂ ಅವರ ಹೆಸರು ಹಾಕೋಣವೆಂದುಕೊಂಡೆ. ಅದು ಬರುವಷ್ಟರಲ್ಲಿ ಅವರಿರಲಿಲ್ಲ.

ಆದ್ದರಿಂದ, ಸ್ವಂತದ್ದಿಲ್ಲವೆಂಬ ನಿನ್ನ ಅಳಲನ್ನು ಕೇಳುವ ತಾಳ್ಮೆ ನನಗಿಲ್ಲ, ತಂಗಿ. ನಿನ್ನ ಮೂರನೆಯ ಕಥೆಯಲ್ಲಿ ಬಾವಿಕಟ್ಟೆಯ ಮೇಲೆ ಕೂತ ಮುದುಕಿ ಆಡುವ ಮಾತು ಯಾರದೋ ಬಾಯಿಂದ ಬಂದದ್ದೆಂದು ಓದುತ್ತಲೇ ತಿಳಿಯಿತು, ಆ ಪುಟವನ್ನೇ ನಾನು ಮತ್ತೆ ಮತ್ತೆ ತೆಗೆದೆ. ಪೆನ್ಸಿಲಿನ ಸಾಲನ್ನು ಅಳಿಸಿ, ಆ ಜಾಗದಲ್ಲಿ ಯಾವ ಮಾತು ಯಾರಿಂದ ಬಂತೆಂದು ಬರೆದು ಕಳುಹಿಸು. ಅವರಲ್ಲಿ ಬದುಕಿರುವವರಿಗೆ ಮೊದಲು ಓದಿ ಹೇಳಿ ಬಾ.

ನಿನ್ನ ಹಿತೈಷಿ